ಹೊಗೆಯ ಸುಂಕ

ಹೊಗೆಗೆ ಸುಂಕ ಬಂದ ವರ್ಷ, ಮಹಾಂತಮ್ಮನವರ ಎಣ್ಣೆ ಗಿರಣಿ ಮುಚ್ಚುವುದೊಂದೇ ಬಾಕಿ ಎಂದು ಆದವಾನಿಯ ಪೇಟೆಯಲ್ಲಿ ಮಾತಾಗಿತ್ತು. ಮನೆಗಳ ಮೇಲೆ ಮಸಿ ಬೀಳುತ್ತದೆಂದು ಜನ ದೂರಿದ್ದಕ್ಕೆ, ಊರೊಳಗಿನ ಗಿರಣಿಗಳು ಸುಡುವ ಕಲ್ಲಿದ್ದಲಿನ ಪ್ರತಿ ಚೀಲಕ್ಕೂ ಪುರಸಭೆ ಸುಂಕ ಹಾಕಿತ್ತು. ಗಂಡ ತೀರಿಕೊಂಡ ಮೇಲೆ ಆರು ವರ್ಷದಿಂದ ಗಿರಣಿ ನಡೆಸುತ್ತಿದ್ದ ಮಹಾಂತಮ್ಮ ಸುಂಕ ಕಟ್ಟಿ, ಅದನ್ನು ಎಣ್ಣೆಯ ಬೆಲೆಗೆ ಸೇರಿಸಿದರು. ಮೈದುನ ಭೀಮಲಿಂಗಪ್ಪನ ಗಿರಣಿ ಎಮ್ಮಿಗನೂರು ರಸ್ತೆಯಲ್ಲಿ, ಪುರಸಭೆಯ ಗಡಿಯಾಚೆ ಇತ್ತು. ಅಲ್ಲಿ ಸುಂಕವಿಲ್ಲ. ಅವನ ಎಣ್ಣೆ ಡಬ್ಬಿ ಎರಡು ರೂಪಾಯಿ ಅಗ್ಗವಾಯಿತು.

ಸೋಮವಾರ ಎಮ್ಮಿಗನೂರಿನ ವ್ಯಾಪಾರಿ ಚಂದ್ರಣ್ಣ ಬಂದು ನಿಂತೇ ಮಾತಾಡಿದ.

"ಅಕ್ಕಾರ, ಗುರುವಾರ ಲಾರಿ ತರ್ತೀನಿ. ಭೀಮಲಿಂಗಪ್ಪನ ರೇಟಿಗೆ ಕೊಟ್ರ ನಿಮ್ಮಲ್ಲೇ ತುಂಬ್ತೀನಿ. ಇಲ್ಲಾಂದ್ರ ಇಲ್ಲರಿ."

ಅವನು ಹೋದ ಮೇಲೆ ಬಾಯ್ಲರ್ ನೋಡಿಕೊಳ್ಳುವ ಉರುಕುಂದಪ್ಪ ಮೆಲ್ಲಗೆ ಹೇಳಿದ: "ಅಮ್ಮಾರ, ದಿನಕ್ಕ ಮೂವತ್ತು ಚೀಲ ಸುಟ್ಟದ್ದು ಸುಂಕದ ಲೆಕ್ಕದಾಗ ಇಪ್ಪತ್ತು ಅಂತ ಬರಸ್ರಿ. ಯಾರು ಎಣಿಸಾಕ ಬರ್ತಾರ?"

"ಸುಳ್ಳು ಬರದು ನಾ ಸಹಿ ಹಾಕಂಗಿಲ್ಲ. ಖರೇನ ಇಪ್ಪತ್ತರಾಗ ನಡಸಾಕ ಬರ್ತೈತೇನು, ಅದು ಹೇಳು."

ಉರುಕುಂದಪ್ಪ ತಲೆ ಕೆರೆದುಕೊಂಡ. ಉಗಿಯ ಕೊಳವೆಗಳು ಬರಿಮೈಯಲ್ಲಿದ್ದವು. ಶೇಂಗಾ ಬೇಯಿಸಬೇಕಾದ ಶಾಖ ಗಾಳಿಗೆ ಹೋಗುತ್ತಿತ್ತು. ಕುದಿನೀರು ಮೋರಿಗೆ ಹರಿಯುತ್ತಿತ್ತು. "ಕೊಳವಿಗೆ ಮಣ್ಣು ಮೆತ್ತಿ ಗೋಣಿ ಸುತ್ತಬೇಕು. ಆ ನೀರು ತಿರುಗಿ ಬಾಯ್ಲರಿಗೆ ಬಿಡಬೇಕು. ಆದ್ರ ಎರಡು ದಿನ ಬೆಂಕಿ ಆರಸಬೇಕಲ್ರಿ."

"ಆರಸು."

ಗಿರಣಿ ನಿಂತಿತು. ಕೂಲಿಯವರು ಅಂಗಳದಲ್ಲಿ ಗುಂಪುಗೂಡಿದರು. "ಮತ್ತ ಹಚ್ತೀರೇನ್ರಿ, ಇಲ್ಲಾ ಮುಚ್ಚಿಬಿಟ್ರೇನು?" ಎಂದು ಅವರೊಳಗಿನ ಬಸವಕ್ಕ ನೇರವಾಗಿ ಕೇಳಿದಳು. ಮಹಾಂತಮ್ಮ ಸೆರಗು ಸಿಕ್ಕಿಸಿ ಮಣ್ಣು ಕಲಸಲು ಕೂತರು. ಸ್ವಲ್ಪ ಹೊತ್ತಿಗೆ ಬಸವಕ್ಕನೂ ಪಕ್ಕದಲ್ಲಿ ಕೂತಳು.

ಗುರುವಾರ ಬೆಳಿಗ್ಗೆ ಬೆಂಕಿ ಹಾಕಿದರು. ಒತ್ತಡದ ಮುಳ್ಳು ಏರುತ್ತಿದ್ದಂತೆ ಹೊಸ ಮಣ್ಣು ಬಿರುಕುಬಿಟ್ಟಿತು. ಎರಡು ಕೊಳವೆ ಸೇರುವ ಒಂದು ಕೂಡಿನಿಂದ ಉಗಿ ಚೀರುತ್ತಾ ಹಾರಿತು.

"ಎಲ್ಲಾರೂ ಹೊರಗ ನಡೀರಿ!" ಉರುಕುಂದಪ್ಪ ಕೂಗಿದ. ಉಗಿಯ ದಾರಿ ಕಟ್ಟಿ, ಒದ್ದೆ ಗೋಣಿ ಕೈಗೆ ಸುತ್ತಿಕೊಂಡು ಪಾನಾ ಹಾಕಿ ಕೂಡನ್ನು ಬಿಗಿದ. ಮಹಾಂತಮ್ಮ ಬಾಗಿಲಲ್ಲೇ ನಿಂತರು. ಅವನಿಗೇನಾದರೂ ಆದರೆ ಎನ್ನುವುದರ ಆಚೆ ಅವರಿಗೆ ಏನೂ ಹೊಳೆಯಲಿಲ್ಲ. ಉಗಿಯ ಚೀರಾಟ ಸಣ್ಣದಾಗುತ್ತಾ ನಿಂತಿತು. ಅವನ ಮೊಣಕೈ ಮೇಲೆ ಬೊಬ್ಬೆ ಎದ್ದಿತ್ತು. ಉಗಿ ಮತ್ತೆ ಬಿಟ್ಟಾಗ ಕೂಡು ಗಟ್ಟಿಯಾಗಿ ನಿಂತಿತು.

ಸಂಜೆಯವರೆಗೆ ಸುಟ್ಟದ್ದು ಇಪ್ಪತ್ತೊಂದು ಚೀಲ. ಡಬ್ಬಿಯ ಬೆಲೆ ಒಂದೂವರೆ ರೂಪಾಯಿ ಇಳಿಸಬಹುದಿತ್ತು. ಭೀಮಲಿಂಗಪ್ಪನಿಗಿಂತ ಇನ್ನೂ ಐವತ್ತು ಪೈಸೆ ಹೆಚ್ಚೇ.

ಲಾರಿ ತಂದ ಚಂದ್ರಣ್ಣನ ಹಿಂದೆಯೇ ಭೀಮಲಿಂಗಪ್ಪನೂ ಬಂದ. "ಅತ್ತಿಗಿ, ನಾ ಇನ್ನೊಂದು ರೂಪಾಯಿ ಇಳಸ್ತೀನಿ. ನೀವೆಷ್ಟು ಇಳಸ್ತೀರಿ?"

"ನಾ ಇಷ್ಟಕ್ಕ ನಿಂದ್ರತೀನಿ. ಇದರ ಕೆಳಗ ಹೋದ್ರ ಕೂಲಿಯವರ ಹೊಟ್ಟಿ ಮ್ಯಾಲ ಬರ್ತೈತಿ."

ಲಾರಿ ಭೀಮಲಿಂಗಪ್ಪನ ಗಿರಣಿಗೆ ಹೋಯಿತು. ಆ ರಾತ್ರಿ ಮಹಾಂತಮ್ಮ ಊಟ ಮಾಡಲಿಲ್ಲ.

ಊರ ಅಂಗಡಿಗಳಿಗೆ ಡಬ್ಬಿ ಮಾರುತ್ತಾ ಒಂದು ತಿಂಗಳು ಹೇಗೋ ದೂಡಿದರು. ಅಷ್ಟರಲ್ಲಿ ಭೀಮಲಿಂಗಪ್ಪ ನಷ್ಟ ತಾಳಲಾಗದೆ, ಅದನ್ನು ತುಂಬಿಕೊಳ್ಳಲು ಬೆಲೆಯನ್ನು ಇವರಿಗಿಂತ ಮೇಲಕ್ಕೆ ಏರಿಸಿದ. ಚಂದ್ರಣ್ಣ ಏನೂ ಆಗಿಲ್ಲವೆಂಬಂತೆ ಲಾರಿ ತಂದು ಇವರ ಅಂಗಳದಲ್ಲಿ ನಿಲ್ಲಿಸಿದ.

ಅದೇ ವಾರ ಉರುಕುಂದಪ್ಪ ಕೇಳಿದ: "ಭೀಮಲಿಂಗಪ್ಪನೋರು ಕೊಳವಿ ಹೆಂಗ ಸುತ್ತಿದ್ದು ಅಂತ ಕೇಳಿ ಕಳಿಸ್ಯಾರ. ಹೇಳ್ಲೇನ್ರಿ?"

"ಹೇಳು," ಎಂದರು ಮಹಾಂತಮ್ಮ. "ಆದ್ರ ಈ ಸುಗ್ಗಿ ಮುಗೀಲಿ."