ನುಂಗಿದ ಮೇಲೆ ಒಂದು ಮಾತು

ತರಬೇತಿ ಕೊಡಲು ಬಂದವನಿಗೆ ಅವಳ ಮಗನ ವಯಸ್ಸು. ಚಟ ಬಿಡಿಸುವ ಆ ಕ್ಲಿನಿಕ್ಕಿನ ಕಾಯುವ ಕೋಣೆಯಲ್ಲೇ ಕುರ್ಚಿ ಹಾಕಿಸಿ, ರೋಗಿ ಸಿಟ್ಟಿಗೆದ್ದರೆ ಬಾಗಿಲ ಕಡೆ ಹೇಗೆ ಸರಿಯಬೇಕು, ಮೇಜಿನಡಿಯ ಗುಂಡಿ ಯಾವಾಗ ಒತ್ತಬೇಕು ಎಂದು ಮೆತ್ತಗಿನ ದನಿಯಲ್ಲಿ ಹೇಳುತ್ತಿದ್ದ. ಇವನ ಮೇಲೆ ಈವರೆಗೆ ಯಾರೂ ಕೈ ಎತ್ತಿಲ್ಲ ಎಂದು ಅವಳಿಗೆ ನೋಡಿದ ಕೂಡಲೇ ತಿಳಿಯಿತು.

ಅವಳು ಅಲ್ಲಿನ ನರ್ಸ್. ಗಾಜಿನ ಕಿಟಕಿಯ ಹಿಂದೆ ನಿಂತು ರೋಗಿಗಳಿಗೆ ಅಂದಂದಿನ ಔಷಧವನ್ನು ಪುಟ್ಟ ಲೋಟದಲ್ಲಿ ಕೊಡುವುದು ಅವಳ ಕೆಲಸ. ಬರೀ ಕೊಟ್ಟರೆ ಸಾಲದು. ಕೆಲವರು ಬಾಯಲ್ಲೇ ಇಟ್ಟುಕೊಂಡು ಹೋಗಿ ಹೊರಗೆ ಉಗಿದು ಮಾರುತ್ತಾರೆ. ಹಾಗಾಗಿ ಮೇಲೆ ನೀರು ಕುಡಿಸಿ, ಏನಾದರೊಂದು ಮಾತಾಡಿಸಬೇಕು. ಒಬ್ಬ ಬಿಸಿಲನ್ನು ಬೈಯುತ್ತಿದ್ದ, ಇನ್ನೊಬ್ಬ ನಿಮ್ಮ ಮುಖದಲ್ಲಿ ಇವತ್ತು ಕಳೆಯೇ ಇಲ್ಲ ಎನ್ನುತ್ತಿದ್ದ.

ಆ ಸಾಲಿನಲ್ಲಿ ಅವಳ ತಂಗಿಯೂ ಬರುತ್ತಿದ್ದಳು. ಅದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ತಂಗಿಯ ಮೈ ಒಣಗಿ ಕಡ್ಡಿಯಾಗಿ, ಹೋಲಿಕೆ ಹುಡುಕೋಣವೆಂದರೂ ಏನೂ ಉಳಿದಿರಲಿಲ್ಲ. ಹಾಸಿಗೆ ಹಿಡಿದ ಅಮ್ಮ ಇದ್ದದ್ದು ತಂಗಿಯ ಮನೆಯಲ್ಲಿ. ಅವಳನ್ನು ಬಿಟ್ಟು ನನ್ನ ಜೊತೆ ಬಾ ಎಂದು ದೊಡ್ಡವಳಾದ ಇವಳು ಹಟ ಹಿಡಿದಾಗ ಅಮ್ಮ ಮುಖ ತಿರುಗಿಸಿ, "ನಿಂಗೆಲ್ಲಾ ಇದೆ. ಅವಳಿಗೆ ನನ್ನ ಬಿಟ್ರೆ ಯಾರಿದಾರೆ?" ಎಂದಿದ್ದಳು. ಅವತ್ತು ಬಾಯಿಗೆ ಬಂದಂತೆ ಬೈದು ಎದ್ದು ಬಂದವಳ ಫೋನನ್ನು ಅಮ್ಮ ಮತ್ತೆ ಎತ್ತಲಿಲ್ಲ. ತಂಗಿಯೂ ಅವಳಿಗೆ ಬಾಗಿಲು ತೆರೆಯಲಿಲ್ಲ.

ಆದರೆ ಕಿಟಕಿಗೆ ಬಂದಾಗ, ಔಷಧ ನುಂಗಿ ನೀರು ಕುಡಿದು, ಗೋಡೆಗೆ ಹೇಳುವಂತೆ ತಂಗಿ ಒಂದು ಮಾತು ಹೇಳುತ್ತಿದ್ದಳು. ಅಮ್ಮ ರಾತ್ರಿ ಊಟ ಮಾಡಿದಳು. ಅಮ್ಮನ ಕಾಲು ಊದಿದೆ. ಒಮ್ಮೆ, "ನಿನ್ನ ಹಳೇ ನೀಲಿ ಶಾಲು ಹೊದ್ಕೊಂಡೇ ಮಲಗ್ತಾಳೆ. ಒಗೆಯೋಕೂ ಕೊಡಲ್ಲ" ಎಂದಳು. ಆ ದಿನ ಮುಂದಿನವನ ಲೋಟ ನರ್ಸಿನ ಕೈಯಿಂದ ಜಾರಿತ್ತು.

ರೋಗಿಗಳಲ್ಲಿ ನಿಮ್ಮ ಸಂಬಂಧಿಕರು ಯಾರಾದರೂ ಇದ್ದರೆ ಈಗಲೇ ಕೈ ಎತ್ತಿ ಹೇಳಿಬಿಡಿ ಎಂದ ತರಬೇತಿಯವನು. ಅಂಥ ರೋಗಿಗಳನ್ನು ಊರಿನ ಆ ತುದಿಯ ಕ್ಲಿನಿಕ್ಕಿಗೆ ಕಳಿಸಲಾಗುವುದಂತೆ. ಎರಡು ಬಸ್ಸು ಬದಲಾಯಿಸಿ ಹೋಗಿ ಔಷಧ ಕುಡಿಯುವವಳಲ್ಲ ತನ್ನ ತಂಗಿ. ಕೈ ಎತ್ತದಿರುವುದು ಅವಳ ಒಳ್ಳೆಯದಕ್ಕೇ ಎಂದುಕೊಂಡಳು. ಪಕ್ಕದಲ್ಲಿ ಕೂತ ಫಾರ್ಮಸಿಸ್ಟ್ ರೋಗಿಗಳನ್ನು 'ನಮ್ಮ ಅಳಿಯಂದಿರು, ಹೊತ್ತಿಗೆ ಸರಿಯಾಗಿ ಬರ್ತಾರೆ' ಎಂದು ಆಡಿಕೊಳ್ಳುವಾಗಲೆಲ್ಲ ತಾನೂ ನಕ್ಕದ್ದು ನೆನಪಾಯಿತು. ಒಳ್ಳೆಯದೊಂದೇ ಕಾರಣವಲ್ಲ ಎಂದೂ ಗೊತ್ತಾಯಿತು. ಕೈ ಮಾತ್ರ ಮಡಿಲಲ್ಲೇ ಉಳಿಯಿತು.

ಆಮೇಲೆ ತರಬೇತಿಯವನು ಹೊಸ ನಿಯಮ ಹೇಳಿದ. ಮಾತು ಬೆಳೆದರೆ ಸಲುಗೆ, ಸಲುಗೆ ಬೆಳೆದರೆ ಅಪಾಯ. ಇನ್ನು ಮೇಲೆ ನುಂಗಿದವರು ತಮ್ಮ ಚೀಟಿಯ ನಂಬರ್ ಹೇಳಬೇಕು, ಬೇರೊಂದು ಮಾತಿಲ್ಲ.

"ಪಾಪ, ನಮ್ಮ ಮೇಡಂಗೆ ಇನ್ನು ಊರ ಸುದ್ದಿ ಯಾರು ಮುಟ್ಟಿಸ್ತಾರೆ?" ಎಂದ ಫಾರ್ಮಸಿಸ್ಟ್. ಎಲ್ಲರೂ ನಕ್ಕರು. ಅವಳೂ ನಕ್ಕಳು.

ಕಿಟಕಿ ತೆರೆದಾಗ, ಹೇಗೆ ನಡೆಯುತ್ತದೆ ನೋಡೋಣವೆಂದು ತರಬೇತಿಯವನು ಅವಳ ಬೆನ್ನ ಹಿಂದೆಯೇ ಬಂದು ನಿಂತ. ನಾಲ್ಕೈದು ಜನರಾದ ಮೇಲೆ ತಂಗಿ ಬಂದಳು. ತಲೆ ಬಾಚಿರಲಿಲ್ಲ, ಕಣ್ಣು ಊದಿತ್ತು. ಹೆಗಲ ಮೇಲೆ ನೀಲಿ ಶಾಲಿತ್ತು. ಔಷಧ ನುಂಗಿದಳು. ನೀರು ಕುಡಿದಳು. ಮೊದಲ ಸಲ ಗೋಡೆ ಬಿಟ್ಟು ನೇರ ಅಕ್ಕನ ಮುಖ ನೋಡಿದಳು.

"ಅಮ್ಮ..."

ಬೆನ್ನ ಹಿಂದೆ ತರಬೇತಿಯವನು ಸಣ್ಣಗೆ ಕೆಮ್ಮಿದ.

"ನಂಬರ್ ಅಷ್ಟೇ ಹೇಳಿ," ಎಂದಳು ಅವಳು.

ಎತ್ತಿ ಆಡಿಸಿದ ಅಕ್ಕ ತನ್ನನ್ನು ಬಹುವಚನದಲ್ಲಿ ಮಾತಾಡಿಸಿದ್ದು ತಂಗಿಗೆ ಕೇಳಿಸಿತು. ಆಮೇಲೆ, "ನಲವತ್ತೊಂದು," ಎಂದು ಲೋಟ ಇಟ್ಟು ಸರಿದಳು.

"ನೋಡಿ, ಇದು ಮಾದರಿ," ಎಂದ ತರಬೇತಿಯವನು, ಉಳಿದ ಸಿಬ್ಬಂದಿಯ ಕಡೆ ತಿರುಗಿ.

ನರ್ಸಿನ ಕೈ ಪಕ್ಕದ ಬಾಗಿಲ ಚಿಲಕದ ಮೇಲಿತ್ತು. ಕಿಟಕಿಯಲ್ಲಿ ಔಷಧ ಕೊಡುತ್ತಿರುವಾಗ ಆ ಬಾಗಿಲು ತೆರೆಯಕೂಡದು. ತೆರೆದರೆ ಯಾಕೆಂದು ಹೇಳಬೇಕು. ಹೊರಗೆ ಗೇಟಿನ ಹತ್ತಿರ ನೀಲಿ ಶಾಲು ನಿಂತಿತ್ತು, ಯಾರೋ ಬರುವುದಿದೆ ಎಂಬಂತೆ. ಸ್ವಲ್ಪ ಹೊತ್ತು ನಿಂತೇ ಇತ್ತು. ಆಮೇಲೆ ಹೋಯಿತು.

ಅವಳು ಚಿಲಕದಿಂದ ಕೈ ತೆಗೆದು ಮುಂದಿನ ಲೋಟ ಎತ್ತಿಕೊಂಡಳು.

"ಕುಡೀರಿ," ಎಂದಳು. "ನಂಬರ್ ಹೇಳಿ."