ಲೇಬಲ್ ಅಂಗೈ ಕಡೆಗೆ

ಹಳೆಯ ಲೇಬಲ್‌ಗಳನ್ನೆಲ್ಲ ಕಿತ್ತು ಅಚ್ಚು ಹಾಕಿದ ಲೇಬಲ್ ಅಂಟಿಸಬೇಕೆಂದು ಹೊಸ ಮೇಡಂ ಅಪ್ಪಣೆ ಕೊಟ್ಟರು. ಕುಡಿಯುವ ನೀರು ಪರೀಕ್ಷಿಸುವ ನಮ್ಮ ಪ್ರಯೋಗಾಲಯದಲ್ಲಿ ಅರವತ್ತೆರಡು ಬಾಟಲಿಗಳಿವೆ. ಅಷ್ಟರ ಮೇಲೂ ಇರುವುದು ನನ್ನ ಅಕ್ಕನ ಕೈಬರಹ. ಅಕ್ಕ ಎಂದರೆ ಒಡಹುಟ್ಟಿದ ಅಕ್ಕ. ಇಪ್ಪತ್ತೆರಡು ವರ್ಷ ಇದೇ ಮೇಜಿನಲ್ಲಿ ನನ್ನ ಪಕ್ಕ ಕೆಲಸ ಮಾಡಿದವಳು, ಆರು ವರ್ಷದಿಂದ ನನ್ನ ಜೊತೆ ಮಾತು ಬಿಟ್ಟವಳು.

"ನಾಳೆ ಮಾಡ್ತೀನಿ ಮೇಡಂ" ಎಂದು ನಾಲ್ಕು ದಿನ ತಳ್ಳಿದೆ. ಐದನೆಯ ದಿನ ಅವರೇ ಬಂದು, "ಅಂಟು ಬಿಡ್ತಿಲ್ವಾ, ಇಲ್ಲ ನಿಮಗೇ ಬಿಡೋಕೆ ಮನಸ್ಸಿಲ್ವಾ?" ಎಂದರು. ವಯಸ್ಸು ಚಿಕ್ಕದಾದರೂ ಕಣ್ಣು ಚುರುಕು. ಅದಕ್ಕೇ ಅವರನ್ನು ಕಂಡರೆ ನನಗೆ ಸಿಟ್ಟು.

ನನಗೆ ಕೆಲಸ ಕಲಿಸಿದವಳು ಅಕ್ಕನೇ. ಮೊದಲ ದಿನವೇ ಕೈಮೇಲೊಂದು ಪೆಟ್ಟು ಕೊಟ್ಟು, "ಲೇಬಲ್ ಅಂಗೈ ಕಡೆ ಇರ್ಲಿ ಕಣೇ. ಸುರಿಯೋವಾಗ ಹನಿ ಆಚೆ ಬದಿಗೆ ಇಳೀಬೇಕು. ಹೆಸರು ಅಳಿಸಿಹೋದ್ರೆ ಒಳಗಿರೋದು ವಿಷನೋ ನೀರೋ ಯಾರಿಗೆ ಗೊತ್ತಾಗುತ್ತೆ?" ಎಂದಿದ್ದಳು. ಹಾಗಾಗಿ ಈ ಆರು ವರ್ಷವೂ ದಿನಕ್ಕೆ ಹತ್ತು ಸಲ ಅವಳ ಅಕ್ಷರ ನನ್ನ ಅಂಗೈಯೊಳಗೆ ಇರುತ್ತಿತ್ತು. ಅಕ್ಕ ಬೇಕು ಅನ್ನಿಸಿದಾಗ ಕೆಲಸವಿಲ್ಲದಿದ್ದರೂ ಒಂದು ಬಾಟಲಿ ಹಿಡಿದು ನಿಲ್ಲುತ್ತಿದ್ದೆ. ನಗುವವರು ನಗಲಿ.

ಜಗಳ ಅಂಥ ದೊಡ್ಡದೇನಲ್ಲ. ಹನಿಹನಿಯಾಗಿ ಬಿಟ್ಟು ಅಳೆಯುವ ಬ್ಯೂರೆಟ್ಟಿನ ಕೊಳವೆಯಲ್ಲಿ ದ್ರವದ ಮೇಲ್ಮೈ ನಡುವೆ ತಗ್ಗಾಗಿರುತ್ತದೆ. ಬಗ್ಗಿ, ಆ ತಗ್ಗಿನ ತಳಕ್ಕೆ ಕಣ್ಣು ಸಮ ಇಟ್ಟು ಅಂಕಿ ಓದಬೇಕು. ಅಕ್ಕನಿಗೆ ಮೊಣಕಾಲು ನೋವಿನಿಂದ ಬಗ್ಗಲಾಗುತ್ತಿರಲಿಲ್ಲ. ಒಂದು ದಿನ ನಿಂತಲ್ಲೇ ಮೇಲಿನಿಂದ ನೋಡಿ ಬರೆದಳು. ತಪಾಸಣೆಗೆ ಬಂದಿದ್ದ ಅಧಿಕಾರಿಗಳ ಎದುರಿಗೇ ನಾನು, "ಅಕ್ಕ ಓದಿದ್ದು ತಪ್ಪು ಸಾರ್. ನನ್ನ ಕೈಯಲ್ಲಿ ಇವತ್ತಿನವರೆಗೂ ಒಂದು ತಪ್ಪಾಗಿಲ್ಲ" ಎಂದುಬಿಟ್ಟೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಕ್ಕ ಕೋಟು ಕಳಚಿ ಮೊಳೆಗೆ ಹಾಕಿ ಹೋದವಳು, ರಾಜೀನಾಮೆಯನ್ನು ಅಂಚೆಯಲ್ಲಿ ಕಳಿಸಿದಳು.

ಬಾಟಲಿಗಳಿಗೆ ಒದ್ದೆ ಬಟ್ಟೆ ಸುತ್ತಿ, ಕಾಗದ ನೆನೆದ ಮೇಲೆ ಒಂದೊಂದೇ ಲೇಬಲ್ ಬಿಡಿಸಿದೆ. ಹರಿಯದಂತೆ ಸೋಸುಕಾಗದದ ಮೇಲೆ ಒಣಗಲು ಹಾಕಿದೆ. ಬಿಸಾಡುವ ಯೋಚನೆ ನನಗೇನೂ ಇರಲಿಲ್ಲ. ಹದಿನೇಳನೆಯದು ಹೈಡ್ರೋಕ್ಲೋರಿಕ್ ಆಸಿಡ್ಡಿನ ಬಾಟಲಿ. ಅಕ್ಕನ ಲೇಬಲ್ ಎದ್ದು ಬಂದಾಗ ಅದರಡಿ ಇನ್ನೊಂದು ಲೇಬಲ್ ಕಂಡಿತು.

ಅಕ್ಷರ ನನ್ನದು. ಕೆಳಗೆ ನನ್ನ ಸಹಿ, ನಾನು ಕೆಲಸಕ್ಕೆ ಸೇರಿದ ಐದನೆಯ ದಿನದ ತಾರೀಖು. ಆಸಿಡ್ಡಿನ ಬಲ ಬರೆಯುವಾಗ ಪಾಯಿಂಟಿನ ಪಕ್ಕ ಒಂದು ಸೊನ್ನೆ ಹೆಚ್ಚು ಹಾಕಿದ್ದೆ. ಒಳಗಿದ್ದದ್ದು ಅದಕ್ಕಿಂತ ಹತ್ತು ಪಟ್ಟು ಬಲದ ಆಸಿಡ್. ಅದು ಹಾಗೆಯೇ ಬಳಕೆಗೆ ಬಂದಿದ್ದರೆ ಪರೀಕ್ಷೆಗಳೆಲ್ಲ ತಲೆಕೆಳಗಾಗಿ ನನ್ನ ನೌಕರಿ ಅಲ್ಲಿಗೇ ಮುಗಿಯುತ್ತಿತ್ತು. ಅಕ್ಕ ಅದೇ ತಾರೀಖಿನಲ್ಲಿ ಸರಿಯಾದದ್ದನ್ನು ಬರೆದು ಮೇಲೆ ಅಂಟಿಸಿದ್ದಳು. ಯಾರಿಗೂ ಹೇಳಿರಲಿಲ್ಲ, ನನಗೂ.

ತನ್ನ ಎಲೆಯಲ್ಲಿ ಕತ್ತೆ ಸತ್ತು ಬಿದ್ದಿದ್ದರೂ ಪಕ್ಕದವರ ಎಲೆಯ ನೊಣ ಓಡಿಸುವವಳು ನಾನೇ ಎಂದು ಗೊತ್ತಾಗಲು ಇಪ್ಪತ್ತೆಂಟು ವರ್ಷ ಬೇಕಾಯಿತು. ಮೇಜಿಗೆ ತಲೆಯಿಟ್ಟು ಅತ್ತೆ. ಆಮೇಲೆ ಫೋನು ಮಾಡಿದೆ.

"ಯಾರು?" ಅಕ್ಕನ ದನಿ.

"ನಾನು."

ಅಕ್ಕ ಫೋನು ಇಡಲಿಲ್ಲ.

"ಸೊನ್ನೆ ಸಿಕ್ತು ಅಕ್ಕ. ಆಸಿಡ್ ಬಾಟಲೀದು. ಆವತ್ತು ಎಲ್ರ ಮುಂದೆ ಅದನ್ನ ಹೇಳಿ ನನ್ನ ಬಾಯಿ ಮುಚ್ಚಿಸಬಹುದಿತ್ತಲ್ಲ. ಯಾಕೆ ಹೇಳ್ಲಿಲ್ಲ?"

"ಆಗ ನಿಂಗೆ ಹತ್ತೊಂಬತ್ತು. ಬರೆಯೋವಾಗ ಕೈ ನಡುಗ್ತಿತ್ತು" ಎಂದಳು.

"ತಪ್ಪಾಯ್ತಕ್ಕ."

"ಮೊಣಕಾಲು ಈಗ ಇನ್ನೂ ಕೆಟ್ಟಿದೆ ಕಣೇ" ಎಂದಳು. "ಮೆಟ್ಟಿಲು ಇಳಿಯೋಕಾಗಲ್ಲ. ನೀನೇ ಬರ್ಬೇಕು."