ಉಪ್ಪು ಏಳುವವರೆಗೆ

ಮಸ್ತಾನ್ ಸಾಬ್ ಕಂಪ್ಯೂಟರಿನ ಸ್ವಿಚ್ಚಿಗೆ ಕೈ ಹಾಕುವಷ್ಟರಲ್ಲಿ ಅತ್ತಿಗೆ ಖುರ್ಷೀದ್ ಬೇಗಂ ಅಡ್ಡ ಬಂದು ನಿಂತರು. ತೀರಿಕೊಂಡ ಮಗಳು ಫರ್ಹತ್‌ಳ ಮಯ್ಯತ್ತಿಗೆ ಆಗಷ್ಟೇ ಸ್ನಾನ ಮಾಡಿಸಿ ಬಂದಿದ್ದರು. ತೋಳು ಇನ್ನೂ ಒದ್ದೆಯಾಗಿತ್ತು.

“ಸಾವಿನ ಮನೇಲಿ ಟೀವಿ ಹಾಕಿದೀರಲ್ಲ ಭಾಬಿ. ಜನ ಏನಂತಾರೆ?”

“ಟೀವಿ ಅಲ್ಲ ಅದು. ಅವಳ ಕೆಲಸ. ಇನ್ನೂ ಮುಗಿದಿಲ್ಲ.”

“ಅವಳೇ ಮುಗಿದ್ಲಲ್ಲ.”

“ಇನ್ನೊಂದ್ಸಲ ಹಂಗನ್ನಬೇಡ. ಬೇಕಾದ್ರೆ ದುಪ್ಪಟಿ ಮುಚ್ಚು. ಆರಿಸಿದ್ರೆ ಮಾತ್ರ ನಾನು ಸುಮ್ನಿರಲ್ಲ.”

ಮಸ್ತಾನ್ ಸಾಬ್ ಗೊಣಗುತ್ತಲೇ ದುಪ್ಪಟಿ ಹೊದಿಸಿದರು.

ಫರ್ಹತ್ ಚಳ್ಳಕೆರೆಯ ಕಾಲೇಜಿನಲ್ಲಿ ಭೂಗರ್ಭಶಾಸ್ತ್ರ ಹೇಳಿಕೊಡುತ್ತಿದ್ದಳು. ಊರಿಗೆ ಅವಳ ಮೇಲೆ ಎರಡು ದೂರು: ಮದುವೆಯಾಗಲಿಲ್ಲ, ನಮ್ಮ ನೆಲದಲ್ಲಿ ಇಲ್ಲದ ಉಪ್ಪಿನ ಬೆನ್ನು ಹತ್ತಿದ್ದಾಳೆ. ನಿನ್ನೆ ಪಾಠದ ನಡುವೆ ಎದೆ ಹಿಡಿದುಕೊಂಡು ಕುಸಿದವಳು ಏಳಲಿಲ್ಲ. ಅವಳು ಮೊನ್ನೆ ಕಂಪ್ಯೂಟರಿಗೆ ಕೊಟ್ಟಿದ್ದ ಲೆಕ್ಕ ಇವತ್ತು ಮುಗಿಯಬೇಕಿತ್ತು.

*

ಅವಳು ಒಮ್ಮೆ ಚಪಾತಿ ಹಿಟ್ಟಿನ ಮೇಲೆ ಅಂಗೈಯೂರಿ ಅಮ್ಮನಿಗೆ ತೋರಿಸಿದ್ದಳು.

“ನೋಡಮ್ಮಿ, ಒತ್ತಿದ್ರೆ ಬೆರಳ ಸಂದೀಲಿ ಮೇಲೆ ಬರ್ತೈತಲ್ಲ? ನೆಲದಡಿ ಉಪ್ಪೂ ಹಂಗೇ. ಮೇಲೆ ಮಣ್ಣು ಬೀಳ್ತಾ ಬೀಳ್ತಾ ಕೋಟಿ ವರ್ಷಕ್ಕೆ ಗುಡ್ಡ ಆಗಿ ಏಳ್ತೈತೆ.”

“ಕೋಟಿ ವರ್ಷ ಯಾರು ಕಾಯ್ತಾರೆ?”

“ಕಂಪ್ಯೂಟರು ಲೆಕ್ಕ ಹಾಕಿ ಚಿತ್ರ ಬರೀತೈತೆ. ಮೇಲಿನ ಪದರ ಗಟ್ಟಿ ಇದ್ರೆ ಉಪ್ಪು ಅದನ್ನ ಸೀಳಲ್ಲ ಅಂತಾರೆ ಓದಿರೋ ದೊಡ್ಡೋರು. ಸೀಳ್ತೈತೆ ಅಂತೀನಿ ನಾನು. ಚಿತ್ರದಾಗೆ ಆ ಪದರಾನೇ ಕಪ್ಪು ಗೆರೆ. ಅದು ಹರಿದ ದಿನ ನಾನು ಗೆದ್ದೆ ಅಂತ ತಿಳ್ಕೊ.”

ನಡುವೆ ಕರೆಂಟು ಹೋದರೆ ಲೆಕ್ಕ ಮತ್ತೆ ಮೊದಲಿನಿಂದ. ಕೆಲವು ಸಲ ಹಾಗಾದ ಮೇಲೆ ಮೆಕ್ಯಾನಿಕ್ ತಮ್ಮ ಅಫ್ಜಲ್ ಲಾರಿಯ ಬ್ಯಾಟರಿ ತಂದು ಇನ್ವರ್ಟರಿಗೆ ಜೋಡಿಸಿದ್ದ.

*

ಅಕ್ಕನ ಜನಾಜಕ್ಕೆ ಹೆಗಲು ಕೊಡುವ ಮುಂಚೆ ಅಫ್ಜಲ್ ಆ ತಂತಿಗಳನ್ನು ಇನ್ನೊಮ್ಮೆ ಬಿಗಿ ಮಾಡಿದ. ಗಂಡಸರು ಬೀದಿ ದಾಟಿದ್ದೇ ತಡ, ಕರೆಂಟು ಹೋಯಿತು. ಮನೆಯಲ್ಲುಳಿದ ಹೆಂಗಸರು ಸೆಖೆಗೆ ಒದ್ದಾಡಿದರು.

“ಆ ಬ್ಯಾಟರೀಗೆ ಫ್ಯಾನ್ ಆದ್ರೂ ಹಾಕ್ರಿ, ಜೀವ ಹೋಗ್ತೈತೆ,” ಎಂದಳು ಮಸ್ತಾನ್ ಸಾಬರ ಹೆಂಡತಿ ಮುಸರತ್.

“ಜೀವ ಹೋಗಿದ್ದು ನನ್ನ ಮಗಳದು. ಸೆಖೆ ಆದ್ರೆ ಅಂಗಳಕ್ಕೆ ಹೋಗು.”

ಮುಸರತ್ ಮುಖ ಊದಿಸಿಕೊಂಡು ಎದ್ದು ಹೋದಳು. ಪಕ್ಕದ ಮನೆಯ ಬೊಮ್ಮಕ್ಕ ಮಾತ್ರ ಮೊರ ತಂದು ಖುರ್ಷೀದ್ ಬೇಗಂಗೆ ಗಾಳಿ ಬೀಸುತ್ತಾ ಕೂತಳು.

“ಮಿಷನ್ನಿಗೂ ಸೆಖೆ ಆಗ್ತೈತೇನವ್ವ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಕಂಪ್ಯೂಟರಿನ ಕಡೆಗೂ ಎರಡು ಸಲ ಬೀಸಿದಳು. ಖುರ್ಷೀದ್ ಬೇಗಂ ಅವತ್ತು ಮೊದಲ ಸಲ ಬಿಕ್ಕಿ ಬಿಕ್ಕಿ ಅತ್ತರು.

ಗಂಡಸರು ಖಬರಸ್ತಾನದಿಂದ ಹಿಂದಿರುಗಿದಾಗ ಖುರ್ಷೀದ್ ಬೇಗಂ ದುಪ್ಪಟಿ ಸರಿಸಿ ಮೈದುನನನ್ನು ಕರೆದರು. ಪರದೆಯ ತುಂಬ ಬಣ್ಣಬಣ್ಣದ ಮಣ್ಣಿನ ಪದರಗಳು. ಎಲ್ಲಕ್ಕೂ ಮೇಲಿನ ಕಪ್ಪು ಗೆರೆ ಹರಿದುಹೋಗಿ, ಬಿಳಿ ಉಪ್ಪು ಹೊರಗೆ ಬಂದು ನಿಂತಿತ್ತು.

“ಹತ್ರ ಬಾ ಮಸ್ತಾನ್. ನೋಡು.”

ಮಸ್ತಾನ್ ಸಾಬ್ ಮೇಜಿಗೆ ಕೈಯೂರಿ ಬಗ್ಗಿದರು. ಅಣ್ಣನ ಮಗಳ ಗೋರಿಗೆ ಹಾಕಿದ ಮಣ್ಣು ಅವರ ಬೆರಳ ಸಂದಿಗಳಲ್ಲಿ ಇನ್ನೂ ಅಂಟಿಕೊಂಡಿತ್ತು.